ಹನ್ನೊಂದು, ಹನ್ನೆರಡರ ಕೆಮಿಸ್ಟ್ರಿ: ಮುಂಬಯಿ, ಪುಣೆಯ ಕನ್ನಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಹತ್ತನೇ ಫಲಿತಾಂಶ ಬಂದ ವಾರದಿಂದ ಹನ್ನೆರಡರ ಪ್ರವೇಶ ಸುತ್ತುಗಳು ಮುಗಿಯುವವರೆಗೆ ಮಕ್ಕಳೂ ಪೋಷಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಮೊದಲು ಸೇರುವ ವಿಚಾರ, ಆಮೇಲೆ ಓದು, ಲ್ಯಾಬು, ಕೊನೆಗೆ ಮುಂದಿನ ದಾರಿ. ಪ್ರವೇಶದ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಅರ್ಜಿ ತುಂಬುವ ಮುನ್ನ ಆ ವರ್ಷದ ಮಾಹಿತಿ ಪುಸ್ತಿಕೆ ನೋಡಿಕೊಳ್ಳಿ.

## ಸೇರುವ ಮುನ್ನ

ಊರಲ್ಲಿ ಪಿಯುಸಿ ಅಂತಾರೆ, ಇಲ್ಲಿ ಜೂನಿಯರ್ ಕಾಲೇಜ್ ಅಂತಾರೆ. ಎರಡೂ ಒಂದೇನಾ?

ದರ್ಜೆ ಒಂದೇ, ಮಂಡಳಿ ಬೇರೆ. ಮಹಾರಾಷ್ಟ್ರದಲ್ಲಿ 11 ಮತ್ತು 12ನೇ ತರಗತಿಗೆ ಜೂನಿಯರ್ ಕಾಲೇಜು ಎನ್ನುತ್ತಾರೆ. ಹನ್ನೆರಡರ ಪರೀಕ್ಷೆ ಎಚ್‌ಎಸ್‌ಸಿ. ಅದನ್ನು ನಡೆಸುವ ರಾಜ್ಯ ಮಂಡಳಿಯ ಕೇಂದ್ರ ಕಚೇರಿ ಪುಣೆಯಲ್ಲಿದೆ. ಪಾಠದ ವಿಷಯ ಬಹುಪಾಲು ಕರ್ನಾಟಕದ್ದನ್ನೇ ಹೋಲುತ್ತದೆ. ಆದರೆ ಅಧ್ಯಾಯಗಳ ಹಂಚಿಕೆ ಬೇರೆ, ಆದ್ದರಿಂದ ಊರಿನ ಅಣ್ಣ ಅಕ್ಕಂದಿರ ನೋಟ್ಸ್ ಪೂರ್ತಿ ನೆಚ್ಚಬೇಡಿ. ಬಾಲಭಾರತಿ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ) ತಂದಿರುವ ಈಗಿನ ಕೆಮಿಸ್ಟ್ರಿ ಪುಸ್ತಕಗಳಲ್ಲಿ 11ಕ್ಕೆ 16, 12ಕ್ಕೆ 16 ಅಧ್ಯಾಯಗಳಿವೆ. ಅಯಾನಿಕ್ ಈಕ್ವಿಲಿಬ್ರಿಯಂ ಇಲ್ಲಿ 12ರಲ್ಲಿ ಬರುತ್ತದೆ. ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅದು 11ರ ಪಾಠ. ಸಣ್ಣದೊಂದು ಮಾತಿನ ವ್ಯತ್ಯಾಸವೂ ಇದೆ: ಊರಲ್ಲಿ ಪ್ರಾಕ್ಟಿಕಲ್ ರೆಕಾರ್ಡ್ ಎನ್ನುವುದಕ್ಕೆ ಇಲ್ಲಿ ಜರ್ನಲ್ ಎನ್ನುತ್ತಾರೆ.

11ರ ಪ್ರವೇಶ ಆನ್‌ಲೈನ್ ಕೇಂದ್ರೀಕೃತ ವ್ಯವಸ್ಥೆಯ ಮೂಲಕ. ಕನ್ನಡಿಗರ ಸಂಸ್ಥೆ ನಡೆಸುವ, ಭಾಷಾ ಅಲ್ಪಸಂಖ್ಯಾತ ಮಾನ್ಯತೆಯಿರುವ ಕಾಲೇಜಾದರೆ ಅಲ್ಲಿ ಕನ್ನಡಿಗರಿಗೆ ಪ್ರತ್ಯೇಕ ಕೋಟಾ ಇರುತ್ತದೆ. ಶಾಲೆ ಬಿಡುವಾಗ ಕೊಡುವ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಮಾತೃಭಾಷೆಯ ಕಾಲಂನಲ್ಲಿ ಏನು ಬರೆದಿದ್ದಾರೆ ಎಂದು ಇವತ್ತೇ ನೋಡಿ. ಎಷ್ಟೋ ಮನೆಗಳಲ್ಲಿ ಅದು ಖಾಲಿಯಿರುತ್ತದೆ, ಇಲ್ಲವೇ ತಪ್ಪಾಗಿ ಮರಾಠಿ ಎಂದಿರುತ್ತದೆ. ತಿದ್ದಿಸಲು ಶಾಲೆಗೆ ಓಡಾಡುವ ಹೊತ್ತಿಗೆ ಮೊದಲ ಸುತ್ತು ಮುಗಿದುಹೋಗುತ್ತದೆ.

ಮಗಳು ಮುನಿಸಿಪಾಲ್ಟಿ ಕನ್ನಡ ಶಾಲೆಯವಳು. ಇಂಗ್ಲಿಷಿನಲ್ಲಿ ಕೆಮಿಸ್ಟ್ರಿ ಓದೋಕಾಗುತ್ತಾ?

ಆಗುತ್ತದೆ. ತೊಡಕು ಇಂಗ್ಲಿಷಿನದ್ದು ಮಾತ್ರವಲ್ಲ, ಮೂರು ಭಾಷೆಗಳು ಒಂದೇ ತಲೆಯಲ್ಲಿ ಡಿಕ್ಕಿ ಹೊಡೆಯುವುದೂ ಇದೆ. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ ಶುರುವಾದರೂ ವಿವರಣೆ ಮರಾಠಿಗೋ ಹಿಂದಿಗೋ ಜಾರುತ್ತದೆ. ಅಲ್ಲಿ ಕನ್ನಡದ ಮಕ್ಕಳಿಗೆ ಮೂರು ಪದಗಳು ಬಲೆ ಹಾಕಿ ಕೂತಿರುತ್ತವೆ.

ಮೊದಲನೆಯದು ಅಣು. ಕನ್ನಡದಲ್ಲಿ ಆಟಂ ಅಂದರೆ ಪರಮಾಣು, ಮಾಲಿಕ್ಯೂಲ್ ಅಂದರೆ ಅಣು. ಮರಾಠಿಯಲ್ಲಿ ಆಟಂಗೇ ‘ಅಣೂ’ ಎನ್ನುತ್ತಾರೆ, ಮಾಲಿಕ್ಯೂಲ್‌ಗೆ ‘ರೇಣೂ’. ಎರಡನೆಯದು ಧಾತು. ನಮ್ಮಲ್ಲಿ ಧಾತು ಎಂದರೆ ಎಲಿಮೆಂಟ್. ಮರಾಠಿ ಶಿಕ್ಷಕರ ಬಾಯಲ್ಲಿ ‘ಧಾತೂ’ ಎಂದರೆ ಲೋಹ, ಎಲಿಮೆಂಟ್‌ಗೆ ಅವರು ‘ಮೂಲದ್ರವ್ಯ’ ಎನ್ನುತ್ತಾರೆ. ಮೂರನೆಯದು ಕ್ಷಾರ. ಕನ್ನಡದ ಕ್ಷಾರ ಆಲ್ಕಲಿ, ಲವಣ ಸಾಲ್ಟ್. ಮರಾಠಿಯ ‘ಕ್ಷಾರ’ ಎಂದರೆ ಸಾಲ್ಟ್! ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ‘ಕ್ಷಾರ’ ಮತ್ತು ನೀರು ಎಂದು ತರಗತಿಯಲ್ಲಿ ಕೇಳಿದ ಹುಡುಗಿಗೆ ತಾನು ಹತ್ತನೇಯಲ್ಲಿ ಕಲಿತದ್ದೇ ತಪ್ಪೇನೋ ಅನ್ನಿಸುತ್ತದೆ. ಅವಳು ಕಲಿತದ್ದು ಸರಿಯೇ ಇದೆ.

ಉಪಾಯ ಸರಳ. ಒಂದು ನೂರು ಪುಟದ ಪುಸ್ತಕದಲ್ಲಿ ಮೂರು ಕಾಲಂ ಗೆರೆ ಹಾಕಿ ಇಂಗ್ಲಿಷ್ ಪದ, ಕನ್ನಡ, ಮರಾಠಿ ಎಂದು ಬರೆಯುತ್ತ ಹೋಗಲಿ. ಆಮ್ಲಜನಕ, ಸಾರಜನಕ, ಇಂಗಾಲ, ಉತ್ಕರ್ಷಣ, ಅಪಕರ್ಷಣ ಎಲ್ಲ ಅಲ್ಲಿ ಬರಲಿ. ದಿನಕ್ಕೆ ಹತ್ತು ಪದದಂತೆ ಬರೆದರೆ ಒಂದೂವರೆ ತಿಂಗಳಲ್ಲಿ 400 ದಾಟುತ್ತದೆ. ಮೊದಲ ಟರ್ಮಿಗೆ ಅಷ್ಟು ಸಾಕು. ಉತ್ತರವನ್ನು ಮಾತ್ರ ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಬರೆದು ರೂಢಿಯಾಗಬೇಕು, ಎಷ್ಟೇ ಮುರುಕಲಾದರೂ ಸರಿ. ಕೆಮಿಸ್ಟ್ರಿಯಲ್ಲಿ ಅಂಕ ಬರುವುದು ಸಮೀಕರಣ, ಪರಿಮಾಣ, ಸರಿಯಾದ ಪದಕ್ಕೆ, ವಾಕ್ಯದ ಅಲಂಕಾರಕ್ಕಲ್ಲ.

ನೆಂಟರೆಲ್ಲ ಮೂಡುಬಿದಿರೆ, ಮಂಗಳೂರು ಕಡೆ ಹಾಸ್ಟೆಲಿಗೆ ಹಾಕಿ ಅಂತಾರೆ. ಅಲ್ಲಿ ಪಿಯುಸಿ ಓದಿಸಿದ್ರೆ ಒಳ್ಳೇದಲ್ವಾ?

ಓದು ಒಳ್ಳೆಯದೇ ಇರಬಹುದು. ಆದರೆ ಈ ಒಂದು ನಿರ್ಧಾರದಿಂದ ಯಾವ ಬಾಗಿಲು ಮುಚ್ಚುತ್ತದೆ ಎಂದು ತಿಳಿದೇ ಕಳಿಸಿ. ಮಹಾರಾಷ್ಟ್ರದ ವೈದ್ಯಕೀಯ ಕಾಲೇಜುಗಳ 85 ಶೇಕಡಾ ರಾಜ್ಯ ಕೋಟಾಕ್ಕೆ ಸಾಮಾನ್ಯ ನಿಯಮವೆಂದರೆ ಡೊಮಿಸೈಲ್ (ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ) ಜೊತೆಗೆ 10 ಮತ್ತು 12 ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸು ಮಾಡಿರಬೇಕು. 12 ಊರಲ್ಲಾದರೆ ಅದು ಕೈತಪ್ಪುತ್ತದೆ. ಇಂಜಿನಿಯರಿಂಗಿನಲ್ಲಿ ನಿಯಮ ಸ್ವಲ್ಪ ಸಡಿಲ: ತಂದೆ ಅಥವಾ ತಾಯಿಯ ಮಹಾರಾಷ್ಟ್ರ ಡೊಮಿಸೈಲ್ ಮೇಲೆ ಇನ್ನೊಂದು ವರ್ಗದಲ್ಲಿ ಅರ್ಜಿ ಹಾಕಲು ದಾರಿಯಿದೆ.

ಹಾಗೆಂದು ಕರ್ನಾಟಕದ ಸಿಇಟಿ ತಾನಾಗಿ ಸಿಗುತ್ತದೆಯೇ? ಇಲ್ಲ. ಅಲ್ಲಿನ ಸಾಮಾನ್ಯ ಅರ್ಹತೆಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆಂದು ಬೇರೆ ವರ್ಗಗಳಿವೆ. ಅವಕ್ಕೆ ದಾಖಲೆಗಳ ಜೊತೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಓದಲು ಬಾರದ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ. ಹೀಗಾಗಿ ಮಗು ಅಲ್ಲೂ ಇಲ್ಲೂ ಹೊರಗಿನವನಾಗಿ ಉಳಿಯುವ ಅಪಾಯ ನಿಜವಾದದ್ದು. ಎಂಬಿಬಿಎಸ್ ಮನಸ್ಸಿನಲ್ಲಿದ್ದರೆ 12 ಇಲ್ಲೇ ಮುಗಿಸುವುದು ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

ಪಿಸಿಎಂ ತಗೊಳ್ಳಲಾ, ಪಿಸಿಬಿ ತಗೊಳ್ಳಲಾ, ನಾಲ್ಕೂ ತಗೊಳ್ಳಲಾ?

ಡಾಕ್ಟರ್ ಆಗುವುದು ಖಚಿತವೆಂದರೆ ಪಿಸಿಬಿ (ಭೌತಶಾಸ್ತ್ರ, ಕೆಮಿಸ್ಟ್ರಿ, ಬಯಾಲಜಿ), ಇಂಜಿನಿಯರಿಂಗ್ ಖಚಿತವೆಂದರೆ ಪಿಸಿಎಂ (ಬಯಾಲಜಿಯ ಬದಲು ಗಣಿತ). ಕೆಮಿಸ್ಟ್ರಿಯಲ್ಲೇ ಮುಂದುವರಿಯುವ ಆಸೆಯಿದ್ದರೆ ಗಣಿತ ಬಿಡಬೇಡಿ. ಬಿಎಸ್ಸಿ ಎರಡನೇ ವರ್ಷದಿಂದ ಕ್ವಾಂಟಂ, ಥರ್ಮೋಡೈನಮಿಕ್ಸ್ ಪಾಠಗಳಲ್ಲಿ ಕ್ಯಾಲ್ಕುಲಸ್ ಇಲ್ಲದವರು ಒದ್ದಾಡುತ್ತಾರೆ. ನಾಲ್ಕೂ ತೆಗೆದುಕೊಂಡರೆ ಜರ್ನಲ್ ಕೆಲಸ ಹೆಚ್ಚಾಗುತ್ತದೆ ಅಷ್ಟೇ ಎಂದುಕೊಳ್ಳಬೇಡಿ, ಎರಡು ಪ್ರವೇಶ ಪರೀಕ್ಷೆಯ ಒತ್ತಡವೂ ಬರುತ್ತದೆ. ಬೈಫೋಕಲ್ ಎಂದು 200 ಅಂಕದ ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಬಯಾಲಜಿಯನ್ನೂ ಎರಡನೇ ಭಾಷೆಯನ್ನೂ ಬಿಟ್ಟುಕೊಡುತ್ತಾರೆ. ಆಮೇಲೆ ನೀಟ್ ಬರೆಯಬೇಕು ಅನ್ನಿಸಿದರೆ ಕಷ್ಟ.

## ಓದುವ ಬಗೆ

ಹತ್ತನೇಲಿ ಸೈನ್ಸಿಗೆ 90 ಬಂದಿತ್ತು. 11ರ ಮೊದಲ ಟೆಸ್ಟಲ್ಲಿ 25ಕ್ಕೆ 7. ಏನಾಯ್ತು?

ಮೋಲ್ ಆಯ್ತು, ಅಂದರೆ ಕಣಗಳನ್ನು ಎಣಿಸುವ ಏಕಮಾನ. ಹತ್ತನೇವರೆಗೆ ಕೆಮಿಸ್ಟ್ರಿ ಎಂದರೆ ಹೆಸರು, ಬಣ್ಣ, ವಾಸನೆ. 11ರಲ್ಲಿ ಅದು ಎಣಿಕೆಯಾಗುತ್ತದೆ. ಎಣಿಕೆ ಬಾರದೆ ಮುಂದಿನ ಒಂದು ಅಧ್ಯಾಯವೂ ನಡೆಯುವುದಿಲ್ಲ: ದ್ರಾವಣ, ಅನಿಲ, ಎಲೆಕ್ಟ್ರೋಕೆಮಿಸ್ಟ್ರಿ, ಟೈಟ್ರೇಶನ್ ಎಲ್ಲವೂ ಮೋಲಿನ ಮೇಲೇ ನಿಂತಿವೆ. ನಮ್ಮ ಲೆಕ್ಕದಲ್ಲಿ ಈ ಎರಡು ವರ್ಷದ ಹಣೆಬರಹ 11ರ ಮೊದಲ ಮೂರು ತಿಂಗಳಲ್ಲೇ ಬರೆದಾಗುತ್ತದೆ.

ಅಡುಗೆಮನೆಯಿಂದಲೇ ಶುರು ಮಾಡೋಣ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಒಂದು ಮೋಲಿಗೆ 84 ಗ್ರಾಂ. ಸುಮಾರು ಒಂದು ಟೀ ಚಮಚ, 4.2 ಗ್ರಾಂ ತೆಗೆದುಕೊಂಡರೆ 0.05 ಮೋಲ್. ಅದಕ್ಕೆ ಸಾಕಷ್ಟು ನಿಂಬೆರಸ ಅಥವಾ ಹುಳಿ ಮಜ್ಜಿಗೆ ಬಿದ್ದರೆ ಒಂದು ಸೋಡಾಕ್ಕೆ ಒಂದು ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ: 0.05 ಮೋಲ್ ಅನಿಲ, ಎಸ್‌ಟಿಪಿಯಲ್ಲಿ (0 ಡಿಗ್ರಿ, 1 ಅಟ್ಮಾಸ್ಫಿಯರ್) 1.12 ಲೀಟರ್. ಹುಳಿಯಿಲ್ಲದೆ ಬರೀ ಬಿಸಿ ತಾಗಿದರೆ ಎರಡು ಸೋಡಾ ಸೇರಿ ಒಂದೇ ಅನಿಲ ಕೊಡುತ್ತವೆ: 0.56 ಲೀಟರ್. ಉಳಿದದ್ದು ವಾಷಿಂಗ್ ಸೋಡಾ ಆಗಿ ತಿಂಡಿಯಲ್ಲೇ ನಿಂತು ಸಾಬೂನಿನಂಥ ರುಚಿ ಕೊಡುತ್ತದೆ. ಸೋಡಾ ಹಾಕುವಾಗ ಅಮ್ಮ ಹುಳಿ ಮೊಸರು ಏಕೆ ಸೇರಿಸುತ್ತಾರೆ ಎಂಬುದಕ್ಕೆ ಇದೇ ಉತ್ತರ, ಸಮೀಕರಣದಲ್ಲಿ ಮುಂದೆ ನಿಲ್ಲುವ ಆ ‘2’ ಏಕೆ ಮುಖ್ಯ ಎಂಬುದಕ್ಕೂ ಇದೇ.

ಪ್ರತಿ ಲೆಕ್ಕವನ್ನೂ ಮೂರು ಹೆಜ್ಜೆಯಲ್ಲಿ ಮಾಡಿ. ಕೊಟ್ಟದ್ದನ್ನು ಮೋಲಿಗೆ ತನ್ನಿ, ಸಮೀಕರಣದ ಅನುಪಾತದಿಂದ ಇನ್ನೊಂದರ ಮೋಲಿಗೆ ಹೋಗಿ, ಕೇಳಿದ ಏಕಮಾನಕ್ಕೆ ಇಳಿಸಿ. ಮಕ್ಕಳು ಎಡವುವುದು ನಡುವಿನ ಹೆಜ್ಜೆ ಹಾರಿ ಗ್ರಾಂನಿಂದ ನೇರ ಗ್ರಾಂಗೆ ಜಿಗಿದಾಗ. ಇನ್ನೊಂದು: ಒತ್ತಡ 1 ಅಟ್ಮಾಸ್ಫಿಯರ್ ಎಂದಿದ್ದರೆ ಮೋಲಿಗೆ 22.4 ಲೀಟರ್, 1 ಬಾರ್ ಎಂದಿದ್ದರೆ 22.7. ಬೋರ್ಡಿನ ಪುಸ್ತಕ, ಎನ್‌ಸಿಇಆರ್‌ಟಿ ಎರಡನ್ನೂ ಓದುವವರು ಇದನ್ನು ಕಲಸಿಬಿಡುತ್ತಾರೆ.

ಕ್ಯಾಲ್ಕುಲೇಟರ್ ಇಲ್ಲವಂತೆ. ಲಾಗ್ ಟೇಬಲ್ ನೋಡಿದರೇ ಭಯ.

ಹೌದು, ಬೋರ್ಡ್ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ ಉಂಟು. ತಪ್ಪು ಬಹುಪಾಲು ಒಂದೇ ಕಡೆ. 0.02ರ ಲಾಗ್ ಕೇಳಿದರೆ ಟೇಬಲ್ಲಿನಲ್ಲಿ 2ರ ಎದುರು 3010 ಸಿಗುತ್ತದೆ. ಪೂರ್ಣಾಂಕ ಬಾರ್ 2. ಮಕ್ಕಳು ಅದನ್ನು ಮೈನಸ್ 2.3010 ಎಂದು ಬರೆಯುತ್ತಾರೆ. ಬಾರ್ ಇರುವುದು 2ರ ತಲೆಯ ಮೇಲೆ ಮಾತ್ರ, ದಶಮಾಂಶ ಭಾಗ ಯಾವಾಗಲೂ ಧನ. ಆದ್ದರಿಂದ ಮೈನಸ್ 2 ಪ್ಲಸ್ 0.3010, ಅಂದರೆ ಮೈನಸ್ 1.6990. 0.02 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 1.70, 2.30 ಅಲ್ಲ.

2, 3, 5, 7ರ ಲಾಗ್ ಬಾಯಿಗೆ ಬರಲಿ: 0.3010, 0.4771, 0.6990, 0.8451. ಕೈನೆಟಿಕ್ಸಿನ ಒಂದು ಮಾದರಿ ನೋಡಿ. ಮೊದಲ ಆರ್ಡರ್ ಕ್ರಿಯೆಯ ಅರ್ಧಾಯು 30 ನಿಮಿಷ, 90 ಶೇಕಡಾ ಮುಗಿಯಲು ಎಷ್ಟು ಹೊತ್ತು? ಮೊದಲು ದರ ಸ್ಥಿರಾಂಕ: 0.693ನ್ನು 30ರಿಂದ ಭಾಗಿಸಿ, ನಿಮಿಷಕ್ಕೆ 0.0231. ಉಳಿದದ್ದು ಹತ್ತನೇ ಒಂದು ಭಾಗ, 10ರ ಲಾಗ್ 1. ಹಾಗಾಗಿ 2.303 ಭಾಗಿಸು 0.0231, ಸುಮಾರು 99.7 ನಿಮಿಷ. ಟೇಬಲ್ ಮುಟ್ಟುವುದೇ ಬೇಡ.

ಏಕಮಾನದ ಗೊಂದಲವೂ ಇದರ ಅಣ್ಣತಮ್ಮ. ಡೆಲ್ಟಾ ಎಚ್ (ಎಂಥಾಲ್ಪಿಯ ಬದಲಾವಣೆ) ಕಿಲೋಜೂಲ್‌ನಲ್ಲಿ, ಡೆಲ್ಟಾ ಎಸ್ (ಎಂಟ್ರೊಪಿಯ ಬದಲಾವಣೆ) ಜೂಲ್‌ನಲ್ಲಿ ಕೊಟ್ಟಿರುತ್ತಾರೆ. ನೇರ ಕಳೆದರೆ ಉತ್ತರ ಆಕಾಶಕ್ಕೆ ಹೋಗುತ್ತದೆ.

ಆರ್ಗ್ಯಾನಿಕ್ ಪೂರ್ತಿ ಬಾಯಿಪಾಠ ಮಾಡಬೇಕಾ?

ಹೆಸರುಗಳನ್ನು ಮಾಡಬೇಕು, ಕಾರಣಗಳನ್ನು ಮಾಡಬಾರದು. 12ರ ಹ್ಯಾಲೊಜನ್ ಡಿರೈವೆಟಿವ್ಸ್‌ನಿಂದ ಅಮೈನ್ಸ್‌ವರೆಗೆ ನಾಲ್ಕು ಅಧ್ಯಾಯಗಳು ಒಂದೇ ಕತೆಯ ನಾಲ್ಕು ಕಂತು. ವಿಲಿಯಂಸನ್ ಈಥರ್ ತಯಾರಿಯನ್ನೇ ನೋಡಿ. ಟರ್ಷರಿ ಬ್ಯೂಟೈಲ್ ಬ್ರೋಮೈಡಿಗೆ ಸೋಡಿಯಂ ಮೆಥಾಕ್ಸೈಡ್ ಹಾಕಿದರೆ ಈಥರ್ ಬರುವುದಿಲ್ಲ, ಆಲ್ಕೀನ್ ಬರುತ್ತದೆ. ಮೂರು ಕಡೆ ಗುಂಪು ಮುತ್ತಿಕೊಂಡ ಕಾರ್ಬನ್ನಿನ ಹಿಂದಿನಿಂದ ಮೆಥಾಕ್ಸೈಡಿಗೆ ಹೋಗಲು ಜಾಗವಿಲ್ಲ, ಅದು ಹೈಡ್ರೊಜನ್ ಕಿತ್ತುಕೊಳ್ಳುತ್ತದೆ. ತಿರುಗಿಸಿ, ಟರ್ಷರಿ ಬ್ಯುಟಾಕ್ಸೈಡಿಗೆ ಮೀಥೈಲ್ ಬ್ರೋಮೈಡ್ ಕೊಟ್ಟರೆ ಈಥರ್ ಸಲೀಸು. ಪ್ರಶ್ನೆ ಪತ್ರಿಕೆ ಕೇಳುವುದು ಈ ತಿರುಗಿಸುವಿಕೆಯನ್ನೇ.

ಫೀನಾಲ್ ಕೂಡ ಹೀಗೇ. ಅದು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗುತ್ತದೆ, ಆದರೆ ಬೈಕಾರ್ಬೊನೇಟಿನಿಂದ ಗುಳ್ಳೆ ಎಬ್ಬಿಸುವಷ್ಟು ಆಮ್ಲವಲ್ಲ. ಕಾರ್ಬಾಕ್ಸಿಲಿಕ್ ಆಮ್ಲ ಗುಳ್ಳೆ ಎಬ್ಬಿಸುತ್ತದೆ. ಒಂದು ವಾಕ್ಯದಲ್ಲಿ ಎರಡು ಅಧ್ಯಾಯ ಕಟ್ಟಿಕೊಂಡಿತು, ಪ್ರಾಕ್ಟಿಕಲ್ಲಿನ ಒಂದು ಪರೀಕ್ಷೆಯೂ ಸಿಕ್ಕಿತು.

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ನಡುವೆ ಎಥನಾಲ್ ಬರೆದು ಅಲ್ಲಿಂದ ಬಾಣಗಳನ್ನು ಎಳೆಯಿರಿ: ಪಿಸಿಸಿ (ಸೌಮ್ಯ ಉತ್ಕರ್ಷಕ) ಹಾಕಿದರೆ ಅಸಿಟಾಲ್ಡಿಹೈಡಿಗೇ ನಿಲ್ಲುತ್ತದೆ, ಆಮ್ಲೀಯ ಪರ್ಮಾಂಗನೇಟ್ ಹಾಕಿದರೆ ಎಥನೋಯಿಕ್ ಆಮ್ಲದವರೆಗೆ ಹೋಗುತ್ತದೆ. ಬಾಣದ ಮೇಲೆ ರಾಸಾಯನಿಕದ ಹೆಸರು, ಕೆಳಗೆ ಉಷ್ಣತೆ. ಹಾಳೆ ತುಂಬುವ ಹೊತ್ತಿಗೆ ಬಾಯಿಪಾಠದ ಅಗತ್ಯ ಅರ್ಧಕ್ಕಿಳಿದಿರುತ್ತದೆ.

ಮತ್ತೆ ಇನಾರ್ಗ್ಯಾನಿಕ್?

ಅದು ಬಾಯಿಪಾಠವೇ, ನಾಟಕ ಬೇಡ. ದಿನಕ್ಕೆ ಇಪ್ಪತ್ತು ನಿಮಿಷ, ಮಲಗುವ ಮುಂಚೆ. ಕೋಆರ್ಡಿನೇಶನ್ ಕಾಂಪೌಂಡ್ಸ್ ಮಾತ್ರ ಇದಕ್ಕೆ ಅಪವಾದ. ಅಲ್ಲಿ ತರ್ಕ ಬೇಕು.

ಬೋರ್ಡ್ ಪೇಪರಿನ 70 ಅಂಕ ಹೇಗೆ ಹಂಚಿದೆ?

ಮೂರು ಗಂಟೆ, ಥಿಯರಿ 70, ಪ್ರಾಕ್ಟಿಕಲ್ 30. ಈಗಿನ ಮಾದರಿಯಲ್ಲಿ 10 ಬಹು ಆಯ್ಕೆ, 8 ಒಂದಂಕದ ಪ್ರಶ್ನೆ. ಆಮೇಲೆ ಕೊಟ್ಟ 12 ಎರಡಂಕದ ಪ್ರಶ್ನೆಗಳಲ್ಲಿ 8, 12 ಮೂರಂಕದವುಗಳಲ್ಲಿ 8, 5 ನಾಲ್ಕಂಕದವುಗಳಲ್ಲಿ 3 ಬರೆಯಬೇಕು. ಆಯ್ಕೆ ಧಾರಾಳ. ಎಲ್ಲವನ್ನೂ ಬರೆಯಲು ಹೋಗಿ ಸಮಯ ಕಳೆಯುವವರು ಪ್ರತಿ ವರ್ಷ ಇರುತ್ತಾರೆ. ಬಹು ಆಯ್ಕೆಯಲ್ಲಿ ಬರೀ ಅಕ್ಷರ ಗುರುತು ಹಾಕಬೇಡಿ, ಉತ್ತರವನ್ನೂ ಬರೆಯಿರಿ.

ಸಿಇಟಿ, ನೀಟ್, ಜೆಇಇ ಮೂರಕ್ಕೂ ಒಂದೇ ತಯಾರಿ ಸಾಕಾ?

ಪಾಠ ಒಂದೇ, ಆಟ ಬೇರೆ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿಯಲ್ಲಿ ಕೆಮಿಸ್ಟ್ರಿಗೆ 50 ಪ್ರಶ್ನೆ, ತಲಾ ಒಂದಂಕ. ತಪ್ಪಿಗೆ ಅಂಕ ಕಡಿತವಿಲ್ಲ. ಭೌತಶಾಸ್ತ್ರ, ಕೆಮಿಸ್ಟ್ರಿ ಸೇರಿ 90 ನಿಮಿಷ. ಸುಮಾರು 80 ಶೇಕಡಾ 12ರಿಂದ, 20 ಶೇಕಡಾ 11ರಿಂದ. ಹೀಗಾಗಿ ಇದು ವೇಗದ ಪರೀಕ್ಷೆ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಕೆಮಿಸ್ಟ್ರಿಗೆ 45 ಪ್ರಶ್ನೆ, 180 ಅಂಕ, ಸರಿಗೆ 4, ತಪ್ಪಿಗೆ ಮೈನಸ್ 1. ಅಲ್ಲಿ ಎನ್‌ಸಿಇಆರ್‌ಟಿಯ ಸಾಲು ಸಾಲು ಮುಖ್ಯ. ಜೆಇಇ ಮೇನ್‌ನಲ್ಲಿ 25 ಪ್ರಶ್ನೆ, ಅದರಲ್ಲಿ ಸಂಖ್ಯೆಯನ್ನೇ ಉತ್ತರವಾಗಿ ತುಂಬುವವೂ ಇರುತ್ತವೆ.

ರಾಜ್ಯ ಪುಸ್ತಕವನ್ನೇ ಆಧಾರವಾಗಿಟ್ಟು, ಎನ್‌ಸಿಇಆರ್‌ಟಿಯಲ್ಲಿ ಮಾತ್ರ ಇರುವ ಭಾಗಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಅಂಚಿಗೆ ಸೇರಿಸಿಕೊಳ್ಳಿ. ಎರಡು ಪುಸ್ತಕ ಎರಡು ಸಲ ಓದುವಷ್ಟು ಹೊತ್ತು ಯಾರಿಗೂ ಇಲ್ಲ, ಅದರಲ್ಲೂ ಡೊಂಬಿವಲಿಯಿಂದ ದಾದರಿಗೆ ಲೋಕಲ್‌ನಲ್ಲಿ ಹೋಗಿಬರುವವರಿಗೆ.

## ಲ್ಯಾಬಿನಲ್ಲಿ

ಟೈಟ್ರೇಶನ್‌ನಲ್ಲಿ ಮೂರು ರೀಡಿಂಗ್ ಮೂರು ಥರ ಬರುತ್ತೆ. ಕೈ ಸರಿಯಿಲ್ವಾ?

ಕೈ ಸರಿಯಿದೆ, ತೊಳೆಯುವ ಕ್ರಮ ಸರಿಯಿಲ್ಲ. ಬ್ಯುರೆಟ್ಟನ್ನು ನೀರಿನಿಂದ ತೊಳೆದ ಮೇಲೆ ಅದರಲ್ಲಿ ತುಂಬುವ ದ್ರಾವಣದಿಂದಲೇ ಜಾಲಿಸಬೇಕು, ಪಿಪೆಟ್ಟನ್ನು ಅದು ಎಳೆಯುವ ದ್ರಾವಣದಿಂದ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ. ಅದನ್ನೂ ದ್ರಾವಣದಿಂದ ಜಾಲಿಸಿದರೆ ಗೋಡೆಗೆ ಅಂಟಿದ ಹನಿಗಳು ಲೆಕ್ಕಕ್ಕೆ ಸೇರಿ ರೀಡಿಂಗ್ ಹೆಚ್ಚುತ್ತದೆ. ಬ್ಯುರೆಟ್ ಮೂತಿಯಲ್ಲಿ ಗಾಳಿಗುಳ್ಳೆ ಇದ್ದರೆ ಅದರ ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ರಭಸದಿಂದ ಬಿಟ್ಟು ಹೊರಹಾಕಿ. ತುಂಬಿದ ಮೇಲೆ ಫನಲ್ ತೆಗೆಯಿರಿ, ಇಲ್ಲದಿದ್ದರೆ ನಡುವೆ ಒಂದು ಹನಿ ಜಾರಿ ಬೀಳುತ್ತದೆ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬೇಡಿ. ಅದನ್ನು ಬಿಟ್ಟೇ ಅಳತೆ ಗುರುತು ಹಾಕಿರುತ್ತಾರೆ.

ಪರ್ಮಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಮೇಲಿನ ಅಂಚನ್ನು ಓದಿ, ಬಣ್ಣವಿಲ್ಲದ ದ್ರಾವಣದಲ್ಲಿ ಕೆಳಗಿನ ಬಾಗನ್ನು. ಮೊದಲ ಸಲ ಅಂದಾಜು ರೀಡಿಂಗ್ ತೆಗೆದು, ಮುಂದಿನ ಸಲ ಅದಕ್ಕೆ 1 ಮಿ.ಲೀ. ಇರುವಾಗಲೇ ಹನಿ ಹನಿಯಾಗಿ ಬಿಡಿ. 0.1 ಮಿ.ಲೀ. ಒಳಗೆ ಎರಡು ಹೊಂದಿದರೆ ಸಾಕು.

ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟ್ ಬಿಟ್ಟೆ. ಗುಲಾಬಿ ಬರೋ ಬದಲು ಕಂದು ಆಗಿ ಮಬ್ಬಾಯ್ತು.

ಆ ಕಂದು ಮ್ಯಾಂಗನೀಸ್ ಡೈಆಕ್ಸೈಡ್. ಕಾರಣ ಮೂರರಲ್ಲಿ ಒಂದು: ಸಲ್ಫ್ಯೂರಿಕ್ ಆಮ್ಲ ಕಡಿಮೆ ಹಾಕಿದ್ದೀರಿ, ದ್ರಾವಣ ತಣ್ಣಗಿತ್ತು, ಇಲ್ಲವೇ ಅವಸರದಲ್ಲಿ ಧಾರೆಯಾಗಿ ಬಿಟ್ಟಿರಿ. ಮಬ್ಬಾದದ್ದನ್ನು ಚೆಲ್ಲಿ ಹೊಸದಾಗಿ ಶುರು ಮಾಡಿ.

0.05 ಮೋಲಾರ್ ಆಕ್ಸಾಲಿಕ್ ಆಮ್ಲ 250 ಮಿ.ಲೀ. ಬೇಕೆಂದರೆ ಎರಡು ನೀರಿನ ಅಣುಗಳಿರುವ ಹರಳು 1.575 ಗ್ರಾಂ ತೂಗಿ. 10 ಮಿ.ಲೀ. ಪಿಪೆಟ್ ಮಾಡಿ, ಪರೀಕ್ಷಾ ನಳಿಕೆಯ ಅರ್ಧದಷ್ಟು ಸಾರರಿಕ್ತ (ಡೈಲ್ಯೂಟ್) ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60ರಿಂದ 70 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆಯುತ್ತದೆ. ಮೊದಲ ಕೆಲವು ಹನಿಗಳ ಬಣ್ಣ ನಿಧಾನ ಮಾಯವಾಗುತ್ತದೆ, ಆಮೇಲೆ ಚಕಚಕನೆ. ಹುಟ್ಟಿದ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಚುರುಕು ಮಾಡುತ್ತದೆ. 30 ಸೆಕೆಂಡು ನಿಲ್ಲುವ ತೆಳು ಗುಲಾಬಿಯೇ ಕೊನೆ. ಎರಡು ಪರ್ಮಾಂಗನೇಟಿಗೆ ಐದು ಆಕ್ಸಾಲಿಕ್ ಎಂಬ ಅನುಪಾತದಿಂದ, ಪರ್ಮಾಂಗನೇಟ್ 0.02 ಮೋಲಾರ್ ಇದ್ದರೆ ಸರಿಯಾಗಿ 10 ಮಿ.ಲೀ. ಖರ್ಚಾಗಬೇಕು.

ವೈವಾದಲ್ಲಿ ಇಲ್ಲಿಂದ ಮೂರು ಪ್ರಶ್ನೆ ಗ್ಯಾರಂಟಿ. ಹೈಡ್ರೋಕ್ಲೋರಿಕ್ ಆಮ್ಲ ಏಕೆ ಬೇಡ? ಕ್ಲೋರೈಡನ್ನೂ ಪರ್ಮಾಂಗನೇಟ್ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ. ನೈಟ್ರಿಕ್ ಏಕೆ ಬೇಡ? ಅದೇ ಒಂದು ಉತ್ಕರ್ಷಕ. ಮೋರ್ಸ್ ಸಾಲ್ಟನ್ನು (ಫೆರಸ್ ಅಮೋನಿಯಂ ಸಲ್ಫೇಟ್) ಏಕೆ ಕಾಯಿಸುವುದಿಲ್ಲ? ಅದು ತಣ್ಣಗೇ ಬೇಗ ವರ್ತಿಸುತ್ತದೆ, ಕಾಯಿಸಿದರೆ ಗಾಳಿಯ ಆಮ್ಲಜನಕ ಫೆರಸ್ಸನ್ನು ಫೆರಿಕ್ ಮಾಡಿಬಿಡುತ್ತದೆ.

ಸಾಲ್ಟ್ ಅನಾಲಿಸಿಸ್‌ನಲ್ಲಿ ಯಾವ ಗ್ರೂಪ್ ಅಂತಲೇ ಗೊತ್ತಾಗಲ್ಲ.

ಕ್ರಮ ತಪ್ಪಿದರೆ ಎಲ್ಲ ಗ್ರೂಪೂ ಒಂದೇ ಥರ ಕಾಣುತ್ತವೆ. ಮೂರನೇ ಗ್ರೂಪಿಗೆ ಮೊದಲು ಅಮೋನಿಯಂ ಕ್ಲೋರೈಡ್, ಆಮೇಲೆ ಅಮೋನಿಯಂ ಹೈಡ್ರಾಕ್ಸೈಡ್. ತಿರುವುಮುರುವಾದರೆ ಹೈಡ್ರಾಕ್ಸೈಡ್ ಅಯಾನು ಹೆಚ್ಚಾಗಿ ಮೆಗ್ನೀಸಿಯಂ ಕೂಡ ಇಲ್ಲೇ ಬಿಳಿಯಾಗಿ ಬಿದ್ದು ಅಲ್ಯುಮಿನಿಯಂ ಎಂದು ಮೋಸ ಮಾಡುತ್ತದೆ. 12ರ ಕಾಮನ್ ಅಯಾನ್ ಎಫೆಕ್ಟ್ ಎಂದರೆ ಇದೇ. ಎರಡನೇ ಗ್ರೂಪಿಗೆ ಹೈಡ್ರೊಜನ್ ಸಲ್ಫೈಡ್ ಬಳಸಿದ್ದರೆ ಕುದಿಸಿ ಪೂರ್ತಿ ಹೊರಹಾಕಿ, ಫೆರಸ್ ಇರಬಹುದೆಂದರೆ ಒಂದೆರಡು ಹನಿ ಸಾಂದ್ರ ನೈಟ್ರಿಕ್ ಆಮ್ಲ ಹಾಕಿ ಕಾಯಿಸಿ. ನೈಟ್ರೇಟ್ ಪರೀಕ್ಷೆಯಲ್ಲಿ ಬ್ರೌನ್ ರಿಂಗ್ ಬಾರದಿದ್ದರೆ ಫೆರಸ್ ಸಲ್ಫೇಟ್ ಹಳೆಯದು, ಇಲ್ಲವೇ ನಳಿಕೆ ಅಲುಗಾಡಿಸಿದ್ದೀರಿ. ಸಲ್ಫ್ಯೂರಿಕ್ ಆಮ್ಲ ಗೋಡೆಗುಂಟ ಇಳಿಯಬೇಕು.

ಮೈಮೇಲೆ ಆಮ್ಲ ಬಿದ್ದರೆ ಸೋಡಾ ಹಚ್ಚಬೇಕಾ?

ಬೇಡ. ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ಹಿಡಿಯಿರಿ, ಬಟ್ಟೆಗೆ ಬಿದ್ದಿದ್ದರೆ ತೆಗೆಯಿರಿ, ಆಮೇಲೆ ವೈದ್ಯರು. ಇನ್ನು ಸಾಂದ್ರ ಆಮ್ಲವನ್ನು ತೆಳುಮಾಡುವಾಗ ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಬಾಯಿಂದ ಪಿಪೆಟ್ ಎಳೆಯುವ ಹಳೇ ಅಭ್ಯಾಸ ಎಲ್ಲಾದರೂ ಉಳಿದಿದ್ದರೆ ರಬ್ಬರ್ ಬಲ್ಬ್ ಕೇಳಿ ಪಡೆಯಿರಿ.

## ಮುಂದಿನ ದಾರಿ

ಬರೀ ಬಿಎಸ್ಸಿ ಕೆಮಿಸ್ಟ್ರಿ ಮಾಡಿದ್ರೆ ಕೆಲಸ ಸಿಗುತ್ತಾ?

ಈ ಭಾಗದಲ್ಲಿ ಸಿಗುತ್ತದೆ. ತಾರಾಪುರ, ತಳೋಜಾ, ಠಾಣೆ–ಬೇಲಾಪುರ ಪಟ್ಟಿ, ಅಂಬರನಾಥ, ಡೊಂಬಿವಲಿ, ಪಾತಾಳಗಂಗಾ, ಮಹಾಡ್, ಲೋಟೆ ಪರಶುರಾಮ, ಪುಣೆ ಕಡೆಯ ಕುರ್ಕುಂಭ: ಇಷ್ಟು ಎಂಐಡಿಸಿಗಳಲ್ಲಿ (ಸರಕಾರಿ ಕೈಗಾರಿಕಾ ಪ್ರದೇಶಗಳಲ್ಲಿ) ರಾಸಾಯನಿಕ, ಔಷಧ ಕಾರ್ಖಾನೆಗಳಿವೆ. ಮೊದಲ ಕೆಲಸ ಸಾಮಾನ್ಯವಾಗಿ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಕೆಮಿಸ್ಟ್ ಅಥವಾ ಪ್ರೊಡಕ್ಷನ್ ಕೆಮಿಸ್ಟ್. ಪ್ರೊಡಕ್ಷನ್ ಎಂದರೆ ಮೂರು ಶಿಫ್ಟ್, ಬಿಸಿ, ವಾಸನೆ; ಕ್ಯೂಸಿ ಎಂದರೆ ಮಿಶ್ರಣ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ, ನೀರಿನಂಶ ಅಳೆಯುವ ಕಾರ್ಲ್ ಫಿಷರ್ ಟೈಟ್ರೇಶನ್, ಮತ್ತು ಕೊನೆಯಿಲ್ಲದ ದಾಖಲೆ. ಮಾಡಿದ್ದನ್ನು ಆ ಕ್ಷಣವೇ ಬರೆಯದಿದ್ದರೆ ಔಷಧ ಕಾರ್ಖಾನೆಯಲ್ಲಿ ಅದು ಮಾಡಿದಂತೆಯೇ ಅಲ್ಲ. ಜರ್ನಲ್ಲನ್ನು ಗೆಳೆಯನಿಂದ ನಕಲು ಹೊಡೆದವರಿಗೆ ಇಲ್ಲಿ ತಡವಾಗಿ ಪಾಠವಾಗುತ್ತದೆ. ಆರಂಭದ ಸಂಬಳ ದೊಡ್ಡದಲ್ಲ. ಎಂಎಸ್ಸಿ ಅನಾಲಿಟಿಕಲ್ ಅಥವಾ ಆರ್ಗ್ಯಾನಿಕ್ ಮಾಡಿದರೆ ಆರ್ ಆ್ಯಂಡ್ ಡಿ ಬಾಗಿಲು ತೆರೆಯುತ್ತದೆ.

ಕೆಮಿಕಲ್ ಇಂಜಿನಿಯರಿಂಗ್ ಅಂದ್ರೂ ಕೆಮಿಸ್ಟ್ರೀನೇ ತಾನೇ?

ಅಲ್ಲ. ಕೆಮಿಸ್ಟ್ ಒಂದು ಫ್ಲಾಸ್ಕಿನಲ್ಲಿ ಮಾಡಿದ್ದನ್ನು 5,000 ಲೀಟರ್ ರಿಯಾಕ್ಟರಿನಲ್ಲಿ ಮಾಡುವುದು ಕೆಮಿಕಲ್ ಇಂಜಿನಿಯರಿನ ಕೆಲಸ. ಶಾಖ ಹೇಗೆ ಹೊರಹೋಗಬೇಕು, ಪಂಪು ಎಷ್ಟು ದೊಡ್ಡದಿರಬೇಕು, ಬಟ್ಟಿ ಇಳಿಸುವ ಗೋಪುರ ಎಷ್ಟು ಎತ್ತರ, ಇವೇ ಪ್ರಶ್ನೆಗಳು. ಗಣಿತ, ಭೌತಶಾಸ್ತ್ರ ಹೆಚ್ಚು.

ಮಾಟುಂಗಾದ ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಈ ವಿಷಯದಲ್ಲಿ ದೇಶದ ಮುಂಚೂಣಿ ಸಂಸ್ಥೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಶುರುವಾದದ್ದು. ಹಳಬರು ಇಂದಿಗೂ ಯುಡಿಸಿಟಿ ಎನ್ನುತ್ತಾರೆ. ಕೆಮಿಕಲ್ ಇಂಜಿನಿಯರಿಂಗ್ ಅಲ್ಲದೆ ಬಣ್ಣ, ಪಾಲಿಮರ್, ಎಣ್ಣೆ, ಆಹಾರ, ಔಷಧ ತಂತ್ರಜ್ಞಾನದ ಪದವಿಗಳೂ ಇವೆ. ಪ್ರವೇಶ ಹೆಚ್ಚಿನಂಶ ಎಂಎಚ್‌ಟಿ ಸಿಇಟಿಯಿಂದ, ಒಂದು ಪಾಲು ಜೆಇಇ ಮೇನ್‌ನಿಂದ. ಮೈಸೂರು ಅಸೋಸಿಯೇಶನ್ನಿಗೆ ನಾಟಕ ನೋಡಲು ಬರುವ ಕುಟುಂಬಗಳು ಅದೇ ಮಾಟುಂಗಾದಲ್ಲಿರುವ ಈ ಕ್ಯಾಂಪಸ್ಸನ್ನು ಮಕ್ಕಳಿಗೆ ಒಮ್ಮೆ ತೋರಿಸಿದರೆ ಖರ್ಚೇನೂ ಇಲ್ಲ.

ಸಿ.ಎನ್.ಆರ್. ರಾವ್ ಥರ ಸಂಶೋಧನೆ ಮಾಡಬೇಕು. ಎಲ್ಲಿಂದ ಶುರು?

ಅವರು ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿಯಿಂದ ಶುರು ಮಾಡಿದವರು, ಆದ್ದರಿಂದ ಸಾಧಾರಣ ಬಿಎಸ್ಸಿಯನ್ನು ಹಗುರ ಮಾಡಬೇಡಿ. ನೇರ ದಾರಿಗಳೂ ಇವೆ. ಪುಣೆಯ ಪಾಷಾಣ್‌ನಲ್ಲಿರುವ ಐಸರ್ (ಕೇಂದ್ರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆ) 2006ರಲ್ಲಿ ಶುರುವಾಯಿತು. ಐದು ವರ್ಷದ ಬಿಎಸ್–ಎಂಎಸ್‌ಗೆ ಐಸರ್‌ಗಳದ್ದೇ ಐಎಟಿ ಪರೀಕ್ಷೆ: 60 ಪ್ರಶ್ನೆ, ನಾಲ್ಕು ವಿಷಯಕ್ಕೆ ತಲಾ 15. ಪಿಸಿಬಿಯವರಿಗೂ ಅವಕಾಶವಿದೆ, ಆದರೆ ಗಣಿತದ 15 ಪ್ರಶ್ನೆ ಎದುರಿಗೇ ಇರುತ್ತವೆ. ಅದರ ಪಕ್ಕದಲ್ಲೇ 1950ರಲ್ಲಿ ಆರಂಭವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಎನ್‌ಸಿಎಲ್. ಮುಂಬಯಿಯ ಮೂಲ ವಿಜ್ಞಾನ ಕೇಂದ್ರ ಸಿಇಬಿಎಸ್‌ಗೆ ನೆಸ್ಟ್ ಪ್ರವೇಶ ಪರೀಕ್ಷೆ, ಐಐಟಿ ಬಾಂಬೆಯ ನಾಲ್ಕು ವರ್ಷದ ಬಿಎಸ್ ಕೆಮಿಸ್ಟ್ರಿಗೆ ಜೆಇಇ ಅಡ್ವಾನ್ಸ್ಡ್. ಇವೆಲ್ಲ ತಪ್ಪಿದರೆ ಬಿಎಸ್ಸಿ ಮಾಡಿ ಐಐಟಿ ಜಾಮ್ ಪ್ರವೇಶ ಪರೀಕ್ಷೆ ಬರೆದು ಎಂಎಸ್ಸಿಗೆ ಸೇರಬಹುದು. ನಮಗೆ ಕಂಡಂತೆ ಈ ಕೊನೆಯ ದಾರಿಯಲ್ಲಿ ಬಂದವರ ಕೈಗೆ ಲ್ಯಾಬಿನ ರೂಢಿ ಹೆಚ್ಚು.

ಗೋವಾದಲ್ಲಿದ್ದೀವಿ. ಇದೆಲ್ಲ ನಮಗೂ ಅನ್ವಯಿಸುತ್ತಾ?

ಓದು ಅನ್ವಯಿಸುತ್ತದೆ, ಪ್ರವೇಶ ಇಲ್ಲ. ಗೋವಾಕ್ಕೆ ತನ್ನದೇ ಮಂಡಳಿಯಿದೆ, ವಾಸದ ನಿಯಮಗಳೂ ಬೇರೆ. ಎಂಎಸ್ಸಿಗೆ ತಾಳಗಾಂವದ ಗೋವಾ ವಿಶ್ವವಿದ್ಯಾಲಯ, ಕೆಲಸಕ್ಕೆ ವೆರ್ಣಾದ ಔಷಧ ಕಾರ್ಖಾನೆಗಳು ಹತ್ತಿರ.

ಫಾರ್ಮಸಿಗೆ ನೀಟ್ ಬೇಕಾ? ಡಿ ಫಾರ್ಮ್ ಸಾಕಾ?

ಮಹಾರಾಷ್ಟ್ರದಲ್ಲಿ ನಾಲ್ಕು ವರ್ಷದ ಬಿ ಫಾರ್ಮ್‌ಗೆ ಎಂಎಚ್‌ಟಿ ಸಿಇಟಿ ಸಾಕು, ಗಣಿತವಾದರೂ ಆಯಿತು, ಬಯಾಲಜಿಯಾದರೂ ಆಯಿತು. ಎರಡು ವರ್ಷದ ಡಿ ಫಾರ್ಮ್‌ಗೆ 12ರ ಅಂಕದ ಮೇಲೆ ಪ್ರವೇಶ. ಮುಗಿಸಿ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದರೆ ಮೆಡಿಕಲ್ ಸ್ಟೋರ್ ನಡೆಸಬಹುದು. ಕಾರ್ಖಾನೆಯಲ್ಲಿ ಮೇಲೇರಬೇಕೆಂದರೆ ಬಿ ಫಾರ್ಮ್ ಬೇಕು. ಸೇರುವ ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ನೋಡಿ.

12ರಲ್ಲಿ ಕೆಮಿಸ್ಟ್ರಿ ಹೋಯ್ತು. ಈಗೇನು ಮಾಡೋದು?

ಮೊದಲು ಉತ್ತರ ಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಿ, ದಿನಗಳ ಗಡುವಿರುತ್ತದೆ. ಜೊತೆಗೇ ಅದೇ ವರ್ಷದ ಪೂರಕ ಪರೀಕ್ಷೆಗೆ ಫಾರ್ಮ್ ತುಂಬಿ. ಸಮಯ ಕಡಿಮೆ ಇರುವಾಗ ಸಾಲಿಡ್ ಸ್ಟೇಟ್, ಸೊಲ್ಯೂಶನ್ಸ್, ಕೈನೆಟಿಕ್ಸ್, ಬಯೋಮಾಲಿಕ್ಯೂಲ್ಸ್, ಪಾಲಿಮರ್, ಗ್ರೀನ್ ಕೆಮಿಸ್ಟ್ರಿ ಇವನ್ನು ಮೊದಲು ಹಿಡಿಯಿರಿ. ಚಿಕ್ಕವು, ಪ್ರಶ್ನೆಗಳೂ ಹೆಚ್ಚು ಸುತ್ತಿ ಬರುವುದಿಲ್ಲ.

ಪಾಸಾಗಿಯೂ ಅಂಕ ಕಡಿಮೆಯೆಂದರೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಹತ್ತನೇ ಆಧಾರದ ಮೇಲೆ ಐಟಿಐನಲ್ಲಿ ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್, ಎಒಸಿಪಿ ಎನ್ನುವ ಎರಡು ವರ್ಷದ ಟ್ರೇಡ್ ಇದೆ. ರಾಸಾಯನಿಕ ಕಾರ್ಖಾನೆಗಳು ಅಪ್ರೆಂಟಿಸ್‌ಗಳನ್ನು ಇದರಿಂದಲೇ ಆರಿಸುತ್ತವೆ. 12ರಲ್ಲಿ ಪಿಸಿಎಂ ಇದ್ದು 60 ಶೇಕಡಾ ಬಂದಿದ್ದರೆ ಬಿಎಆರ್‌ಸಿಯ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ಸ್ಟೈಪೆಂಡಿಯರಿ ಟ್ರೇನಿ ಜಾಹೀರಾತುಗಳಲ್ಲಿ ಪ್ಲಾಂಟ್ ಆಪರೇಟರ್ ಹುದ್ದೆಗಳನ್ನು ಗಮನಿಸುತ್ತಿರಿ. ಪದವಿ ಇಲ್ಲದೆ ಸೇರಿ, ತರಬೇತಿಯ ಕಾಲದಲ್ಲೇ ಭತ್ಯೆ ಪಡೆಯುವ ಕೆಲಸ ಅದು. ವಯಸ್ಸಿನ ಮಿತಿ ಇರುವುದರಿಂದ ಒಂದೆರಡು ವರ್ಷ ಸುಮ್ಮನೆ ಕಳೆದರೆ ತಪ್ಪಿಹೋಗುತ್ತದೆ.